ಬಾಯಿಮಾತಿನ ಸೀರೆ

ತಂಗಿಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಸೀರೆ ಬೇಕೆಂದು ಇಳಕಲ್ಲಿನ ಹಿರಿಯ ನೇಕಾರರೊಬ್ಬರಿಗೆ ಹೇಳಿದಾಗ ನಮ್ಮ ನಡುವೆ ಚೀಟಿಯಾಗಲಿ ಮುಂಗಡವಾಗಲಿ ಇರಲಿಲ್ಲ; ದರ, ದಿನ ಎರಡನ್ನೂ ಬಾಯಿಮಾತಿನಲ್ಲೇ ಗೊತ್ತುಮಾಡಿದ್ದೆವು. ಆ ಮಾತಿನ ತೂಕ ತಿಳಿಯಲು ಇಳಕಲ್ ಸೀರೆಯ ನೇಯ್ಗೆಯನ್ನು ಅರಿಯಬೇಕು. ಮಗ್ಗದ ಉದ್ದಕ್ಕೆ ಬಿಗಿಯುವ ಎಳೆಗಳೇ ಹಾಸು. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ಕೆಂಪು ಬಿಳುಪಿನ ಸೆರಗು ಮೂಡುತ್ತದೆ. ಹೀಗಾಗಿ ಒಂದೇ ಉದ್ದನೆಯ ಹಾಸಿನಲ್ಲಿ ಹಲವು ಸೀರೆ ನೇಯ್ದು ಕತ್ತರಿಸಿ ಕೊಡುವಂತಿಲ್ಲ. ಒಂದು ಸೀರೆ ಬೇರೆಯವರ ಪಾಲಾದರೆ ಕಾಯುತ್ತಿರುವವರಿಗೆ ಕೊಡಲು ಇನ್ನೊಂದು ಸಿದ್ಧವಿರುವುದಿಲ್ಲ.

ಹೇಳಿದ ದಿನವೇ ಹೋದೆ. ಸೀರೆ ಸಿದ್ಧವಾಗಿತ್ತು. ಅಷ್ಟರಲ್ಲಿ ಬಂದ ವ್ಯಾಪಾರಿಯೊಬ್ಬರು ಸೆರಗು ಬಿಡಿಸಿ ನೋಡಿ, ನಮ್ಮ ಒಪ್ಪಂದಕ್ಕಿಂತ ಬಹಳ ಹೆಚ್ಚಿನ ದರ ಹೇಳಿದರು. ನೇಕಾರರು ಅವರಿಗೆ ಚಾಪೆ ಹಾಸಿ, ಚಹಾ ತರಿಸಿ, "ಇದು ಇವರದೈತ್ರಿ ಸಾವಕಾರ್ರ, ನಿಮಗ ಬ್ಯಾರೆ ನೇಯ್ದ ಕೊಡ್ತೀನಿ" ಎಂದರು. ಬಂದವರಿಗೆ ಮುಖಭಂಗವಾಗುವ ಒಂದು ಶಬ್ದವೂ ಅದರಲ್ಲಿರಲಿಲ್ಲ. ನನಗೆ ದೊಡ್ಡದಾಗಿ ಕಂಡದ್ದು ಇದು. ಕೊಟ್ಟ ಮಾತಿಗೆ ನಿಲ್ಲುವವರೂ ಆ ಬಿಗುವಿನಲ್ಲಿ ಎದುರಿನವರನ್ನು ಸಣ್ಣವರನ್ನಾಗಿ ಮಾಡುವುದುಂಟು.

ನೂಲಿನ ದರ ಏರಿದ್ದು ಗೊತ್ತಿದ್ದುದರಿಂದ ನಾನೂ ಹೆಚ್ಚು ಕೊಡಲು ಹೋದೆ. "ಆಡಿದ್ದಷ್ಟ ಕೊಡ್ರಿ, ಏರಿದ ರೇಟು ಮುಂದಿನ ಸೀರಿಗೆ ಮಾತಾಡೋಣು" ಎಂದರು. ಗೋಡೆಯ ಮೇಲೆ ಇಳಕಲ್ಲಿನ ಮಹಾಂತ ಶಿವಯೋಗಿಗಳ ಚಿತ್ರವಿತ್ತು. ಜೋಳಿಗೆ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದ ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ನನ್ನ ನೋಟ ಅತ್ತ ಹೊರಳಿದ್ದನ್ನು ಕಂಡ ನೇಕಾರರು, "ಸಣ್ಣಾವಿದ್ದಾಗ ಅಪ್ಪಾರ ಜೋಳಿಗ್ಯಾಗ ತಂಬಾಕ ಹಾಕೀನ್ರಿ, ಹೊಳ್ಳಿ ಮುಟ್ಟಿಲ್ಲ" ಎಂದರು. ಆ ಜೋಳಿಗೆಗೆ ಹಾಕಿದ ಮಾತನ್ನು ಯಾರೂ ಮನೆಗೆ ಬಂದು ಪರೀಕ್ಷಿಸುವುದಿಲ್ಲ. ಕೊಟ್ಟವರೇ ದಿನದಿನವೂ ಕಾಯ್ದುಕೊಳ್ಳಬೇಕಾದ ಅಂಥ ಮಾತನ್ನು ಇಷ್ಟು ಕಾಲ ನಡೆಸಿದವರಿಗೆ ಒಂದು ಸೀರೆಯ ಹೆಚ್ಚಿನ ಹಣ ಆಸೆ ಹುಟ್ಟಿಸದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಹೊರಡುವ ಮುನ್ನ ಅವ್ವನಿಗೂ ಒಂದು ಸೀರೆ ದೀಪಾವಳಿಗೆ ಬೇಕೆಂದೆ. ಅವರು ಕೂಡಲೇ ಹೂಂ ಎನ್ನದೆ, ಒಳಗೆ ನೂಲಿನ ಕಂಡಿಕೆ ಸುತ್ತುತ್ತಿದ್ದ ಹೆಂಡತಿಯನ್ನು "ಆಕ್ಕೈತೇನು?" ಎಂದು ಕೇಳಿದರು. ಮಗ್ಗದ ಅರ್ಧ ದುಡಿಮೆ ಆಕೆಯದು. ಆಕೆಯನ್ನು ಕೇಳದೆ ದಿನ ಕೊಡುವುದು ಅವರ ಪದ್ಧತಿಯಲ್ಲ. ಕೈಯಲ್ಲಿದ್ದ ಕೆಲಸಗಳನ್ನೆಲ್ಲ ಲೆಕ್ಕ ಹಾಕಿ ಆಕೆಯೇ ಉತ್ತರಿಸಿದರು: "ದೀಪಾವಳಿಗೆ ಆಗೂದಿಲ್ರಿ. ಸಂಕ್ರಮಣಕ್ಕಂದ್ರ ಕೊಡ್ತೀವಿ." ಹೊಸ ದರ ಮಾತಾಡಿ, ಸಂಕ್ರಮಣಕ್ಕೇ ಒಪ್ಪಿಕೊಂಡೆ.