ಬಿಳಿ ಕಡೆ ಮಾತ್ರ ಸುಟ್ಟ ಹಸು

17 ಮಾರ್ಚ್ 2024, ಭಾನುವಾರ
ಚಿಕ್ಕಮಗಳೂರು

ಮೂಡಿಗೆರೆ ಹತ್ತಿರ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅವರ ಕಪ್ಪು-ಬಿಳಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸುವಿನ ಚರ್ಮ ಸುಲಿದು ಬರುತ್ತಿದೆ. ಅದೂ ಬಿಳಿ ಇರುವ ಕಡೆ ಮಾತ್ರ. ಕಪ್ಪು ಶುರುವಾಗುವ ಗೆರೆಗೆ ಸರಿಯಾಗಿ ಗಾಯ ನಿಂತಿದೆ. ಮೇವಿಲ್ಲದೆ ಬೇಲಿಯ ಲಂಟಾನ ಮೇಯ್ದಿತ್ತಂತೆ. "ಯಾರ ದೃಷ್ಟಿ ತಾಕಿತೋ ಏನೋ. ಬಿಸಿಲಿಗೆ ಕಟ್ಟಿದ್ರೆ ಒಣಗುತ್ತೆ ಅಂದ್ಕೊಂಡೆ ಕಣೋ" ಅಂದರು ಚಿಕ್ಕಮ್ಮ. ದನದ ಡಾಕ್ಟರು ಬಂದವರೇ ಮೊದಲು ಅದನ್ನು ಕೊಟ್ಟಿಗೆಯೊಳಗೆ ಕಟ್ಟಿಸಿದರು.

ಲಂಟಾನದ ವಿಷ ಲಿವರ್ ಕೆಡಿಸುತ್ತದೆ, ಪಿತ್ತ ಹರಿಯುವುದಿಲ್ಲ. ಮೇವಿನ ಕ್ಲೋರೋಫಿಲ್ ಒಡೆದು ಆಗುವ ಫೈಲೋಎರಿಥ್ರಿನ್ ಹೊರಗೆ ಹೋಗದೆ ರಕ್ತದಲ್ಲೇ ಉಳಿಯುತ್ತದೆ. ಚರ್ಮದಲ್ಲಿ ಅದು ಬೆಳಕು ಹೀರಿ, ಆ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಹಾಗೆ ಕೆರಳಿದ ಆಮ್ಲಜನಕಕ್ಕೆ ಸಿಂಗ್ಲೆಟ್ ಆಮ್ಲಜನಕ ಅಂತಾರೆ, ಅದು ಜೀವಕೋಶವನ್ನು ಹಾಳು ಮಾಡುತ್ತದೆ. ಕಪ್ಪು ಚರ್ಮದ ಮೆಲನಿನ್ ಬೆಳಕನ್ನು ಒಳಗೆ ಬಿಡುವುದಿಲ್ಲ, ಅಷ್ಟೇ.

ಇದನ್ನೇ ಬೇಕಂತ ಮಾಡಿದರೆ ಫೋಟೋಡೈನಮಿಕ್ ಥೆರಪಿ, ಅಂದ್ರೆ ಔಷಧಿ ಕೊಟ್ಟು ಬೆಳಕು ಬಿಟ್ಟು ಕೆಟ್ಟ ಜೀವಕೋಶಗಳನ್ನು ಕೊಲ್ಲುವ ಚಿಕಿತ್ಸೆ. ಅಮಿನೋಲೆವ್ಯುಲಿನಿಕ್ ಆಮ್ಲ ಹಚ್ಚಿದರೆ ಜೀವಕೋಶದೊಳಗೆ ಪ್ರೋಟೋಪಾರ್ಫಿರಿನ್ ಅನ್ನೋ ಬೆಳಕು ಹೀರುವ ಅಣು ತಯಾರಾಗುತ್ತದೆ. ಅದಕ್ಕೆ 405 ನ್ಯಾನೋಮೀಟರ್ ಆಸುಪಾಸಿನ ನೇರಳೆ-ನೀಲಿ ಅಂದ್ರೆ ಪ್ರಾಣ. 635ರ ಕೆಂಪನ್ನು ಹೀರುವುದು ತೀರಾ ಕಮ್ಮಿ. ಚರ್ಮದ ಮೇಲ್ಪದರದ ಒರಟು ಕಲೆಗಳಿಗೆ ನೀಲಿ ಸಾಕು. ಸ್ವಲ್ಪ ಆಳಕ್ಕೆ ಇಳಿಯಬೇಕಾದರೆ ಕೆಂಪು ದೀಪವೇ ಬೇಕು. ಯಾಕೆ ಅಂತ ನೋಡಬೇಕಾ? ಕತ್ತಲಲ್ಲಿ ಟಾರ್ಚಿನ ಗಾಜಿನ ಮೇಲೆ ಬೆರಳು ಒತ್ತಿ. ಈಚೆ ಬರುವುದು ಕೆಂಪೊಂದೇ. ನೀಲಿ, ಹಸಿರನ್ನು ರಕ್ತದ ಹಿಮೋಗ್ಲೋಬಿನ್ ನುಂಗಿಬಿಡುತ್ತದೆ. ಔಷಧಿ ಎಷ್ಟೇ ಆಸೆಯಿಂದ ಕಾದಿದ್ದರೂ ಬೆಳಕು ಅಲ್ಲಿಗೆ ಮುಟ್ಟಬೇಕಲ್ವಾ!

ಹಾಗಾಗಿ ಅಣುವನ್ನೇ ಬದಲಾಯಿಸಿದರು. ಇಂಥ ಅಣುಗಳ ನಡುವಿರುವ ಪಾರ್ಫಿರಿನ್ ಉಂಗುರದ ಒಂದು ದ್ವಿಬಂಧಕ್ಕೆ ಹೈಡ್ರೋಜನ್ ಸೇರಿಸಿದರೆ ಅದು ಕೆಂಪನ್ನು ಜಾಸ್ತಿ ಹೀರುತ್ತದೆ. ಟೆಮೊಪೋರ್ಫಿನ್ ಅನ್ನೋ ಔಷಧಿ ಹಾಗೆ ಬಂದದ್ದು, ಅದಕ್ಕೆ 652 ನ್ಯಾನೋಮೀಟರ್ ಬೆಳಕು ಬೇಕು. ಕಣ್ಣಿನ ಮ್ಯಾಕ್ಯುಲಾ (ರೆಟಿನಾದ ನಡುಭಾಗ) ಕಾಯಿಲೆಗೆ ಕೊಡುವ ವರ್ಟಿಪೋರ್ಫಿನ್‌ಗೆ 689. ಎರಡು ದ್ವಿಬಂಧ ಹೋದರೆ 700 ದಾಟಬಹುದು.

ನನಗೆ ಇಷ್ಟವಾಗುವುದು ಇದರ ಮುಂದಿನ ತಕರಾರು. ತರಂಗ ಉದ್ದವಾದಷ್ಟೂ ಫೋಟಾನಿನ ಕಸುವು ಇಳಿಯುತ್ತದೆ. ಆಮ್ಲಜನಕವನ್ನು ಕೆರಳಿಸಲು ಮೋಲಿಗೆ ಸುಮಾರು 94 ಕಿಲೋಜೌಲ್ ಬೇಕು. ಲೆಕ್ಕದ ಪ್ರಕಾರ 1270 ನ್ಯಾನೋಮೀಟರ್‌ವರೆಗೂ ಅಷ್ಟು ಶಕ್ತಿ ಇದೆ. ಆದರೆ ಅಣು ಬೆಳಕು ಹೀರಿ ಟ್ರಿಪ್ಲೆಟ್ ಸ್ಥಿತಿಗೆ (ಆಮ್ಲಜನಕಕ್ಕೆ ಶಕ್ತಿ ದಾಟಿಸುವುದು ಈ ಸ್ಥಿತಿಯಿಂದ) ಇಳಿಯುವಷ್ಟರಲ್ಲಿ ಒಂದು ಪಾಲು ಸೋರಿಹೋಗಿರುತ್ತದೆ. ಅದಕ್ಕೇ 850ರ ಆಚೆ ದೀಪ ಹಿಡಿದರೆ ಮೈ ಬೆಚ್ಚಗಾದೀತು, ಸಿಂಗ್ಲೆಟ್ ಆಮ್ಲಜನಕ ಹುಟ್ಟುವುದು ಕಷ್ಟ.