ಅಪ್ಪನ ಕೇರಂ ಬೋರ್ಡ್: ಗೆರೆಗಳ ತನಕ ಬಂದೆ

ಈ ರವಿವಾರ ಕೊನೆಗೂ ಗೆರೆ ಎಳೆಯೋಕೆ ಕುಳಿತೆ. ಜೂನ್‌ನಲ್ಲಿ ಶುರು ಮಾಡಿದ ಕೆಲಸ. ನಡುವೆ ಎರಡು ತಿಂಗಳು ಬೋರ್ಡ್ ಮುಟ್ಟಲೇ ಇಲ್ಲ. ಬೆಳಗಾವಿಯ ಮಳೆ ಬಿಡಬೇಕಲ್ವಾ!

ಟಿಳಕವಾಡಿಯ ಹಳೆ ಮನೆಯ ಅಟ್ಟದಲ್ಲಿ ಇದು ವರ್ಷಗಟ್ಟಲೆ ಗೋಡೆಗೆ ಒರಗಿ ನಿಂತಿತ್ತು. ಚೌಕಟ್ಟು ಈಗಲೂ ಗಟ್ಟಿ. ಆಡುವ ಜಾಗ ಮಾತ್ರ ಕೆಟ್ಟಿತ್ತು. ಬೋರಿಕ್ ಪೌಡರ್ ತೇವಕ್ಕೆ ಹೆಪ್ಪುಗಟ್ಟಿತ್ತು, ಪಾಲಿಶ್ ಸಿಪ್ಪೆ ಏಳುತ್ತಿತ್ತು, ನಡುವೆ ಎರಡು ತಗ್ಗು.

ಉಜ್ಜುವ ಮೊದಲು ಹಳೆ ಗೆರೆಗಳನ್ನೆಲ್ಲ ಅಳೆದು ಬರೆದಿಟ್ಟೆ, ಫೋಟೊ ತೆಗೆದೆ. ಆಮೇಲೆ ಮರದ ತುಂಡಿಗೆ ಪಾಲಿಶ್ ಪೇಪರ್ ಸುತ್ತಿ 180, 240, 320 ನಂಬರ್ ಅಂತ ಒರಟಿನಿಂದ ನಯಕ್ಕೆ ಕೈಯಲ್ಲೇ ಉಜ್ಜಿದೆ. ಪ್ಲೈವುಡ್‌ನ ಮೇಲಿನ ಪದರ ತುಂಬಾ ತೆಳು, ಮಷೀನ್ ಇಟ್ಟರೆ ಒಂದೇ ಕ್ಷಣದಲ್ಲಿ ಕೆಳಗಿನ ಪದರ ಕಾಣುತ್ತದೆ. ತಗ್ಗುಗಳ ಮೇಲೆ ಒದ್ದೆ ಬಟ್ಟೆ ಹಾಸಿ ಬಿಸಿ ಇಸ್ತ್ರಿ ಒತ್ತಿದೆ. ಚುಸ್ಸ್ ಅಂತ ಹಬೆ ಎದ್ದಿತು. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ಒಂದು ತಗ್ಗಿನ ನೆರಳೇ ಇಲ್ಲ! ಅದುಮಿದ ನಾರು ಹಬೆಗೆ ಉಬ್ಬಿ ಮೇಲೆ ಬಂದಿತ್ತು. ಇನ್ನೊಂದರಲ್ಲಿ ನಾರೇ ಕತ್ತರಿಸಿತ್ತು, ಅದು ಏಳಲಿಲ್ಲ. ಅಲ್ಲಿಗೆ ಮರದ ಪುಟ್ಟಿ ತುಂಬಿದೆ.

ಜುಲೈನಲ್ಲಿ ಅವಸರ ಮಾಡಿದೆ. ಜಿಟಿಜಿಟಿ ಮಳೆಯ ಸಂಜೆ ಸೀಲರ್, ಅಂದರೆ ಮರದ ಸಣ್ಣ ರಂಧ್ರ ಮುಚ್ಚುವ ಮೊದಲ ಕೋಟ್, ಹಚ್ಚಿದೆ. ಹತ್ತು ನಿಮಿಷದಲ್ಲಿ ಬೋರ್ಡ್ ತುಂಬಾ ಮಜ್ಜಿಗೆ ಚೆಲ್ಲಿದ ಹಾಗೆ ಬೆಳ್ಳಗಾಯಿತು. ಹೊಟ್ಟೆ ಉರಿದುಹೋಯಿತು. ಸೀಲರ್‌ನಲ್ಲಿರುವ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಕೂರುತ್ತದೆ. ಓಣಿಯ ಬಡಿಗೇರ ಕಾಕಾ ನೋಡಿ, ‘ಮಳ್ಯಾಗ ಹೊಡದ್ರ ಹಿಂಗ ಆಗ್ತೈತ್ರಿ. ಬಿಸಲು ಬೀಳಲಿ, ತಡೀರಿ’ ಅಂದರು. ತಡೆದೆ. ಅಕ್ಟೋಬರ್‌ನ ಒಂದು ಒಣ ಬೆಳಿಗ್ಗೆ ಥಿನ್ನರ್ ಅದ್ದಿದ ಬಟ್ಟೆಯನ್ನು ಹಗುರವಾಗಿ ಒಮ್ಮೆ ಎಳೆದೆ. ಬಿಳುಪು ಹೋಯಿತು, ಮರದ ನಾರಿನ ಗೆರೆ ಮತ್ತೆ ಕಂಡಿತು. ಅದರ ಮೇಲೆ ಇನ್ನೊಂದು ತೆಳು ಕೋಟ್.

ಈಗ ಗೆರೆಗಳು. ನಮ್ಮದು ಪೂರ್ತಿ ಅಳತೆಯ ಬೋರ್ಡ್, ಒಳಗೆ 74 ಸೆಂ.ಮೀ. ಚೌಕ. ಸ್ಟ್ರೈಕರ್ ಇಡುವ ಗೆರೆ 47 ಸೆಂ.ಮೀ. ಉದ್ದ, ಚೌಕಟ್ಟಿನಿಂದ 10.15 ಸೆಂ.ಮೀ. ದೂರ. ತುದಿಯ ವೃತ್ತಗಳ ವ್ಯಾಸ 3.18 ಸೆಂ.ಮೀ., ಅದರೊಳಗಿನ ಕೆಂಪು 2.54. ಮಾರ್ಕರ್ ಮಾತ್ರ ಬೇಡ. ಪ್ಲೈ ತುಂಡಿನ ಮೇಲೆ ನೋಡಿದೆ, ಕೊನೆಗೆ ಮೇಲೆ ಹಚ್ಚುವ ಲ್ಯಾಕರ್ ತಾಗಿದ ಕೂಡಲೇ ಬಣ್ಣ ಹರಡಿತು. ಇಂಡಿಯನ್ ಇಂಕ್ (ಕಪ್ಪು ಡ್ರಾಯಿಂಗ್ ಶಾಯಿ) ನಿಂತಿತು.

ಸಂಜೆಯ ತನಕ ಮೂರು ಬದಿ ಮುಗಿದವು. ಎರಡು ಕೋಟ್ ಲ್ಯಾಕರ್ ಬಾಕಿ, ಆಮೇಲೆ ಪರೀಕ್ಷೆ: ಒಳ್ಳೆ ಆಟಗಾರ ಜೋರಾಗಿ ಹೊಡೆದರೆ 15 ಗ್ರಾಂ ಸ್ಟ್ರೈಕರ್ ಬೋರ್ಡ್ ಮೇಲೆ ಕನಿಷ್ಠ ಮೂರೂವರೆ ಸಲ ಆಚೆ-ಈಚೆ ಹೋಗಿ ಬರಬೇಕು ಅಂತ ನಿಯಮ. ಉಳಿದಿರುವುದು ಅಪ್ಪ ಕೂರುತ್ತಿದ್ದ ಬದಿ. ಅದನ್ನು ನಾಳೆ ಬೆಳಿಗ್ಗೆ, ಒಳ್ಳೆ ಬೆಳಕಿನಲ್ಲಿ ಎಳೆಯುತ್ತೇನೆ.