ಎಡೆಲ್ವೈಸ್‌ಗೆ ಗೊಬ್ಬರ ಹಾಕದ ಬೇಸಿಗೆ

ಸ್ವಿಟ್ಜರ್ಲೆಂಡಿನಲ್ಲಿ ಮೇ ತಿಂಗಳು ಬಂತೆಂದರೆ ನರ್ಸರಿಗಳಲ್ಲಿ ಎಡೆಲ್ವೈಸ್ ಅನ್ನುವ ಬಿಳಿ ಹೂವಿನ ಬೆಟ್ಟದ ಗಿಡದ ಕುಂಡಗಳು ಸಾಲಾಗಿ ಕೂತಿರುತ್ತವೆ. ಜನ ಕೊಂಡು ಹೋಗಿ ಬಾಲ್ಕನಿಯಲ್ಲಿಟ್ಟು ಪ್ರೀತಿಯಿಂದ ದಿನಾ ನೀರು ಹಾಕುತ್ತಾರೆ. ಮರುವರ್ಷ ಗಿಡ ಇಲ್ಲ. ಚಳಿಗೆ ಸತ್ತಿತು ಅಂತ ಹೇಳುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆದರೆ ಆಲ್ಪ್ಸ್ ಬೆಟ್ಟಗಳಲ್ಲಿ 1,800ರಿಂದ 3,000 ಮೀಟರ್ ಎತ್ತರದಲ್ಲಿ, ತಿಂಗಳುಗಟ್ಟಲೆ ಹಿಮದ ಕೆಳಗೇ ಇರುವ ಗಿಡಕ್ಕೆ ಊರಿನ ಚಳಿ ಏನು ಮಾಡೀತು? ಅದನ್ನು ಕೊಲ್ಲುವುದು ಚಳಿಗಾಲದಲ್ಲಿ ಬೇರಿನ ಸುತ್ತ ನಿಲ್ಲುವ ನೀರು.

ನಾವಿರುವುದು ಬರ್ನ್ ಹತ್ತಿರ. ಹಳ್ಳಿಯ ಅಂಚಿನಲ್ಲಿ ಬಾಡಿಗೆಗೆ ಸಿಗುವ ತುಂಡು ತೋಟಗಳಲ್ಲಿ ನಮ್ಮದೂ ಒಂದಿದೆ. ಎಡೆಲ್ವೈಸನ್ನು ಬೀಜದಿಂದಲೇ ಬೆಳೆಸಬೇಕು ಅಂತ ನನಗೆ ಆಸೆ. ಧೂಳಿನಷ್ಟು ಸಣ್ಣ ಬೀಜ ಅದು. ಒದ್ದೆ ಮರಳಿನಲ್ಲಿ ಬೆರೆಸಿ ಕೆಲವು ವಾರ ಫ್ರಿಜ್ಜಿನಲ್ಲಿಟ್ಟು, ಆಮೇಲೆ ಮಣ್ಣಿನ ಮೇಲೆ ಉದುರಿಸಿ ಮೆಲ್ಲಗೆ ಒತ್ತಿದೆ. ಮೇಲೆ ಮಣ್ಣು ಮುಚ್ಚಲಿಲ್ಲ, ಮೊಳೆಯಲು ಅದಕ್ಕೆ ಬೆಳಕು ಬೇಕು. ಮೊದಲ ವರ್ಷ ಬರೀ ಎಲೆ. ಬೂದು ಬಣ್ಣದ, ಮುಟ್ಟಿದರೆ ಉಣ್ಣೆಯ ಹಾಗಿರುವ ಎಲೆ. ಎರಡನೇ ವಸಂತದಲ್ಲಿ ಅವನ್ನು ಕುಂಡದಿಂದ ದೊಡ್ಡ ಕಲ್ಲಿನ ತೊಟ್ಟಿಗೆ ಹಾಕಬೇಕು ಅನ್ನುವಾಗ ತೀರ್ಥಹಳ್ಳಿಯಿಂದ ಅಮ್ಮ ಬಂದಿದ್ದರು.

ಅವತ್ತು ಶನಿವಾರ. ಬಿಸಿಲು ಚೆನ್ನಾಗಿತ್ತು. ತೊಟ್ಟಿಯ ತಳದ ತೂತುಗಳ ಮೇಲೆ ಒಡೆದ ಹೆಂಚಿನ ಚೂರು ಹಾಕಿದೆ. ಒಂದು ಪಾಲು ತೋಟದ ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಸುಣ್ಣಕಲ್ಲಿನ ಸಣ್ಣ ಜಲ್ಲಿ ಸೇರಿಸಿ ಕಲಸುತ್ತಿದ್ದೆ. ಅಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತಾ ನಿಂತರು.

"ಏನೇ ಇದು, ಜಲ್ಲಿಯಲ್ಲಿ ಗಿಡ ನೆಡ್ತೀಯಾ? ಒಂದು ಹಿಡಿ ಗೊಬ್ಬರನಾದ್ರೂ ಹಾಕೇ."

ಅಮ್ಮನ ಜೀವನವೇ ಗೊಬ್ಬರದ ಸುತ್ತ ನಡೆದದ್ದು. ಅಡಿಕೆ ಮರಕ್ಕೆ, ಮಲ್ಲಿಗೆಗೆ, ಹಿತ್ತಲಿನ ಬಸಳೆಗೆ ಎಲ್ಲಕ್ಕೂ ಕೊಟ್ಟಿಗೆ ಗೊಬ್ಬರ. ಗಿಡಕ್ಕೆ ಉಣ್ಣಲು ಕೊಡದೆ ನೆಡುವುದು ಅವರಿಗೆ ನೋಡಲಾಗಲಿಲ್ಲ. ಪಕ್ಕದ ತೋಟದ ಅಜ್ಜಿ ಬೇಲಿಯಾಚೆಯಿಂದ ಇದನ್ನೆಲ್ಲ ನೋಡುತ್ತಿದ್ದರು. ಬೆಟ್ಟದ ಗಿಡಗಳನ್ನು ಬೆಳೆಸುವುದರಲ್ಲಿ ನಮ್ಮ ಕಡೆ ಅವರನ್ನು ಬಿಟ್ಟರೆ ಇಲ್ಲ. ಅಮ್ಮ ಗೊಬ್ಬರದ ಚೀಲದ ಕಡೆ ಬೆರಳು ತೋರಿಸಿದ್ದೇ ತಡ, ಅವರು ಎರಡೂ ಕೈ ಆಡಿಸಿ ಬೇಡ ಬೇಡ ಅಂತ ಓಡಿ ಬಂದರು. ಹೊಟ್ಟೆ ತುಂಬಿದರೆ ಇದು ಉದ್ದುದ್ದ ಬೆಳೆದು ಬಾಗುತ್ತೆ, ಮೈಮೇಲಿನ ಬಿಳಿ ಕಡಿಮೆಯಾಗಿ ಹಸಿರಾಗುತ್ತೆ ಅಂತ ಜರ್ಮನ್‌ನಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಹೇಳಿದೆ.

ಅಮ್ಮ ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಆಮೇಲೆ, "ಅಂದ್ರೆ ನಮ್ಮ ಸೀತಾಳೆ ದಂಡೆ ಜಾತಿಯ ಬುದ್ಧಿ ಅನ್ನು" ಅಂದರು.

ನನಗೆ ಎಷ್ಟು ಖುಷಿಯಾಯಿತು ಗೊತ್ತಾ! ಊರಿನ ಮನೆಯ ಮುಂದಿನ ಮಾವಿನ ಮರಕ್ಕೆ ಅಮ್ಮನೇ ಸೀತಾಳೆ ಗಿಡ, ಅಂದರೆ ಮರದ ಮೇಲೆ ಬೆಳೆಯುವ ಆರ್ಕಿಡ್, ಕಟ್ಟಿದ್ದಾರೆ, ತೆಂಗಿನ ನಾರು ಸುತ್ತಿ. ಅದಕ್ಕೆ ಮಣ್ಣೂ ಬೇಡ, ಗೊಬ್ಬರವೂ ಬೇಡ. ಮಲೆನಾಡಿನ ಮಳೆ ಮೇಲೆ ಸುರಿದರೂ ಹರಿದು ಹೋಗುತ್ತದೆ, ಬೇರಿನ ಹತ್ತಿರ ನಿಲ್ಲುವುದಿಲ್ಲ. ಗಿಡಗಳ ಜಾತಿ ಬೇರೆ, ಹವೆ ಬೇರೆ, ಆದರೆ ಬೇರಿಗೆ ಗಾಳಿ ಆಡಬೇಕು ಅನ್ನೋದು ಒಂದೇ ಅಲ್ವಾ. ಇದನ್ನು ಅಜ್ಜಿಗೆ ವಿವರಿಸಿದೆ. ಅಮ್ಮನ ಫೋನಿನಲ್ಲಿದ್ದ ಸೀತಾಳೆಯ ಫೋಟೋವನ್ನು ಅವರು ಬಹಳ ಹೊತ್ತು ನೋಡಿದರು. ಆಮೇಲೆ ಇಬ್ಬರೂ ಸೇರಿ ಕೆಲಸವನ್ನು ನನ್ನ ಕೈಯಿಂದ ತೆಗೆದುಕೊಂಡೇ ಬಿಟ್ಟರು. ಪ್ರತಿ ಗಿಡದ ಬುಡವನ್ನು ಮಣ್ಣಿಗಿಂತ ಚೂರು ಎತ್ತರಕ್ಕೆ ಇಟ್ಟು, ಎಲೆಗಳ ಕೆಳಗೆ ಬೆರಳಿನಿಂದ ಜಲ್ಲಿ ತುಂಬಿ, ಎಲೆ ಒದ್ದೆ ಮಣ್ಣಿಗೆ ತಾಗದ ಹಾಗೆ ಮಾಡಿದರು. ಒಂದು ಸಲ ನೀರು ಹಾಕಿದ್ದು, ಆಮೇಲೆ ಮೇಲ್ಮಣ್ಣು ಪೂರ್ತಿ ಒಣಗುವವರೆಗೆ ಮುಟ್ಟಲಿಲ್ಲ.

ಜೂನ್ ಕೊನೆಗೆ ಹೂ ಬಂತು. ನಾವು ದಳ ಅಂದುಕೊಳ್ಳುವ ಆ ಬಿಳಿ ನಕ್ಷತ್ರ ನಿಜಕ್ಕೂ ಎಲೆ, ಹೂವಿನ ಸುತ್ತಲಿನ ಎಲೆ. ಹೂಗಳು ನಡುವಿನ ಹಳದಿ ಗುಂಡುಗಳಲ್ಲಿ ಒತ್ತೊತ್ತಾಗಿರುತ್ತವೆ. ಸೇವಂತಿಗೆಯ ಕುಟುಂಬವೇ ಇದು. ಆ ಬಿಳಿ ರೋಮ ಚಳಿಗಾಳಿಗೆ ಗಿಡ ಒಣಗದ ಹಾಗೆ ನೋಡಿಕೊಳ್ಳುತ್ತದೆ. ಬೆಟ್ಟದ ಮೇಲಿನ ಬಿಸಿಲಿನಲ್ಲಿ ಜಾಸ್ತಿ ಇರುವ ಅತಿನೇರಳೆ ಕಿರಣಗಳನ್ನು ಆ ರೋಮದ ಒಳರಚನೆಯೇ ಹೀರಿಕೊಳ್ಳುತ್ತದೆ ಅಂತ ಬೆಲ್ಜಿಯಂನ ಭೌತವಿಜ್ಞಾನಿಗಳು 2005ರಲ್ಲಿ ತೋರಿಸಿದರು. ಅಮ್ಮನಿಗೆ ಇದೆಲ್ಲ ಹೇಳುತ್ತಿದ್ದರೆ ಅವರು ಕೇಳಿದ್ದು ಒಂದೇ ಮಾತು, ದೇವರಿಗೆ ಒಂದು ಕೊಯ್ಯಬಹುದಾ ಅಂತ. ನಮ್ಮ ತೋಟದ್ದು, ಕೊಯ್ಯಿ ಅಂದೆ. ಬೆಟ್ಟದಲ್ಲಾದರೆ ಹಲವು ಕಡೆ ಕೀಳುವ ಹಾಗಿಲ್ಲ. ಹಿಂದೆ ಜನ ನೆನಪಿಗೆ ಅಂತ ಕಿತ್ತೂ ಕಿತ್ತೂ ಎಷ್ಟೋ ಕಡೆ ಗಿಡವೇ ಅಪರೂಪವಾಗಿ ಹೋಗಿತ್ತು. ಆ ನಿಷೇಧ ತುಂಬಾ ಸರಿ ಅಂತ ನನಗನಿಸುತ್ತದೆ. ಬೇಕಾದವರು ಬೀಜ ಬಿತ್ತಲಿ, ಈಗ ಇಲ್ಲಿನ ವಲೈಸ್ ಪ್ರಾಂತ್ಯದಲ್ಲಿ ಕ್ರೀಮುಗಳಿಗಾಗಿ ಇದನ್ನು ಹೊಲದಲ್ಲೇ ಬೆಳೆಯುತ್ತಾರೆ.

ಜುಲೈನಲ್ಲಿ ಅಮ್ಮನನ್ನು ಶೀನಿಗೆ ಪ್ಲಾಟೆ ಅನ್ನುವ ಬೆಟ್ಟಕ್ಕೆ ಕರೆದುಕೊಂಡು ಹೋದೆ. ವಿಲ್ಡರ್ಸ್‌ವಿಲ್‌ನಿಂದ ಹಲ್ಲುಗಾಲಿಯ ರೈಲು, 1893ರಿಂದ ಓಡುತ್ತಿದೆ, ಮೇಲೆ ತಲುಪಲು ಮುಕ್ಕಾಲು ಗಂಟೆಗಿಂತ ಜಾಸ್ತಿ ಬೇಕು. ಸುಮಾರು 2,000 ಮೀಟರ್ ಎತ್ತರದಲ್ಲಿ ಬೆಟ್ಟದ ಗಿಡಗಳ ತೋಟ ಇದೆ. ಎದುರಿಗೆ ಐಗರ್, ಮೋಂಕ್, ಯುಂಗ್‌ಫ್ರಾವ್ ಶಿಖರಗಳು. ಎಲ್ಲರೂ ಆ ಕಡೆ ತಿರುಗಿ ಫೋಟೋ ತೆಗೆಯುತ್ತಿದ್ದರೆ ಅಮ್ಮ ಬಗ್ಗಿ ಎಡೆಲ್ವೈಸ್ ನೋಡುತ್ತಿದ್ದರು. ನಮ್ಮದಕ್ಕಿಂತ ಗಿಡ್ಡ, ಬಿಳಿ ಮಾತ್ರ ಎಷ್ಟೋ ಪಟ್ಟು ಜಾಸ್ತಿ.

"ನಮ್ದರಲ್ಲಿ ಇನ್ನೂ ಮಣ್ಣು ಜಾಸ್ತಿ ಆಯ್ತು ಕಣೇ" ಅಂದರು. "ಮುಂದಿನ ವರ್ಷ ಜಲ್ಲಿ ಎರಡು ಪಾಲು ಹಾಕು."

ಊರಿಗೆ ಬೀಜ ಒಯ್ಯುವ ಆಸೆ ಅವರಿಗಿತ್ತು. ತೀರ್ಥಹಳ್ಳಿಯ ಮಳೆಗಾಲದಲ್ಲಿ ಇದು ಉಳಿಯುವುದಿಲ್ಲ, ಇದರ ನೆಂಟರು ನಮ್ಮ ದೇಶದಲ್ಲಿ ಇರುವುದು ಹಿಮಾಲಯದಲ್ಲಿ ಅಂತ ಹೇಳಿದ ಮೇಲೆ ಸುಮ್ಮನಾದರು. ಸೆಪ್ಟೆಂಬರ್‌ನಲ್ಲಿ ಬೀಜ ತೆಗೆದಿಟ್ಟೆ, ಈ ಗಿಡದ ಆಯುಸ್ಸು ತೋಟದಲ್ಲಿ ಕೆಲವೇ ವರ್ಷ. ನವೆಂಬರ್‌ನಿಂದ ತೊಟ್ಟಿಯ ಮೇಲೆ ಓರೆಯಾಗಿ ಗಾಜಿನ ಹಲಗೆ ಇಟ್ಟಿದ್ದೇನೆ, ಮಳೆ ಬೀಳದ ಹಾಗೆ, ಪಕ್ಕಗಳಿಂದ ಗಾಳಿ ಆಡುವ ಹಾಗೆ. ಅಮ್ಮ ಪ್ರತಿ ಭಾನುವಾರ ವಿಡಿಯೋ ಕಾಲ್‌ನಲ್ಲಿ ಮೊದಲು ತೊಟ್ಟಿ ತೋರಿಸು ಅನ್ನುತ್ತಾರೆ. ಜಲ್ಲಿಯ ಇನ್ನೊಂದು ಚೀಲ ಆಗಲೇ ತಂದಿಟ್ಟಿದ್ದೇನೆ, ಮಾರ್ಚ್‌ನಲ್ಲಿ ಮಣ್ಣು ಬದಲಾಯಿಸಬೇಕು.